ಲಾಂಚು ತಪ್ಪಿದವನ ಪ್ರವಾಸ ಕಥನ

ಮಕ್ಕಳನ್ನು ಪಕ್ಕದ ಕೋಣೆಯ ಚಿತ್ರ ಬಿಡಿಸುವ ಸ್ಪರ್ಧೆಗೆ ಬಿಟ್ಟು ಒಂದು ಗಂಟೆ ನೆಮ್ಮದಿಯಾಗಿ ಕೂರಲು ಬಂದಿರುವ ತಂದೆತಾಯಂದಿರೇ,

ಮೂರು ತಿಂಗಳ ಹಿಂದೆ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. "ಸಾರ್, ಈ ಸಲದ ಸಮ್ಮೇಳನದಲ್ಲಿ ಪ್ರಧಾನ ಭಾಷಣ ನಿಮ್ಮದು. ವಿಷಯ, ದೇಶ-ವಿದೇಶ ಪ್ರವಾಸ ಕಥನಗಳಲ್ಲಿ ಹಾಸ್ಯ" ಎಂದರು. ಒಪ್ಪಿಕೊಂಡೆ. ಆಮೇಲೆ ಒಂದು ಅನುಮಾನ ಬಂತು.

"ದೇಶ ಅಂದ್ರೆ ಯಾವುದು, ವಿದೇಶ ಅಂದ್ರೆ ಯಾವುದು?"

"ಇದೇನ್ ಸಾರ್ ಹೀಗೆ ಕೇಳ್ತೀರಿ? ದೇಶ ಅಂದ್ರೆ ಇಂಡಿಯಾ, ವಿದೇಶ ಅಂದ್ರೆ ಇದು."

"ನಿಮ್ಮ ಮಗನಿಗೆ?"

ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. "ನಲವತ್ತು ನಿಮಿಷ ಇದೆ ಸಾರ್, ಅದನ್ನೂ ನೀವೇ ಸೇರಿಸಿಕೊಂಡುಬಿಡಿ" ಎಂದು ಇಟ್ಟುಬಿಟ್ಟರು. ಸೇರಿಸಿಕೊಳ್ಳಲು ಪ್ರಯತ್ನ ಮಾಡುತ್ತೇನೆ. ಹಿಂದಿನ ಸಾಲಿನವರಿಗೆ ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿರುವುದು ನನಗೂ ಗೊತ್ತಾಗುತ್ತಿದೆ. ನಲವತ್ತನ್ನು ಮೂವತ್ತಕ್ಕೆ ಇಳಿಸುತ್ತೇನೆ.

ಮಿಷಿಗನ್‌ನಲ್ಲಿರುವ ನಮ್ಮ ಮನೆಯ ಕಪಾಟಿನಲ್ಲಿ, ಅಮೆರಿಕಕ್ಕೆ ಬಂದುಹೋದ ಕನ್ನಡಿಗರ ಪುಸ್ತಕಗಳದೇ ಒಂದು ಸಾಲಿದೆ. ಅವನ್ನು ತೆರೆಯುವುದೇ ಬೇಡ, ಬೆನ್ನಿನ ಮೇಲಿನ ಹೆಸರುಗಳನ್ನು ಓದಿದರೂ ನಾನಿವತ್ತು ಹೇಳಬೇಕಾದದ್ದರಲ್ಲಿ ಅರ್ಧ ಸಿಕ್ಕಿಬಿಡುತ್ತದೆ.

ಮೊದಲನೆಯದು "ಅಮೆರಿಕದಲ್ಲಿ ಗೊರೂರು". ಗೊರೂರು ಎಂದರೆ ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು. ಹಾಸನ ಜಿಲ್ಲೆಯಲ್ಲಿ ಹೇಮಾವತಿ ದಂಡೆಯ ಹಳ್ಳಿಯ ಹೆಸರೂ ಅದೇ. ಹಾಗಾದರೆ ಅಮೆರಿಕಕ್ಕೆ ಬಂದದ್ದು ಒಬ್ಬ ಮನುಷ್ಯನೋ, ಇಡೀ ಊರೋ? "ಹಳ್ಳಿಯ ಚಿತ್ರಗಳು" ಬರೆದು ಹೆಸರಾದವರು, ಗಾಂಧಿಯವರ ದಾರಿ ಹಿಡಿದವರು, ಎಪ್ಪತ್ತು ದಾಟಿದ ಮೇಲೆ ಈ ದೇಶ ನೋಡಿದರು. ಹೆಸರಿನಲ್ಲೇ ಅವರು ನಮಗೆ ಹೇಳಿಬಿಟ್ಟಿದ್ದಾರೆ: ನೋಡಪ್ಪಾ, ನಾನು ಅಮೆರಿಕ ನೋಡುವುದು ನನ್ನ ಊರಿನ ಕಿಟಕಿಯಿಂದ, ತಪ್ಪಿದ್ದರೆ ತಪ್ಪು ನನ್ನ ಕಿಟಕಿಯದು. ಇನ್ನೊಂದು ತಮಾಷೆ ಗಮನಿಸಿ. ಅವರು ಹುಟ್ಟಿದ್ದು 1904ರ ಜುಲೈ 4ರಂದು. ಪಾಪ, ಅಮೆರಿಕ ಅವರ ಹುಟ್ಟುಹಬ್ಬಕ್ಕೆ ಪ್ರತಿವರ್ಷ ಪಟಾಕಿ ಹೊಡೆಯುತ್ತಲೇ ಇತ್ತು, ಅವರೇ ತಡವಾಗಿ ಬಂದರು.

ಎರಡನೆಯದು ಎ.ಎನ್. ಮೂರ್ತಿರಾಯರ "ಅಪರವಯಸ್ಕನ ಅಮೆರಿಕಾ ಯಾತ್ರೆ". ಯಾತ್ರೆ ಎನ್ನುವ ಪದವನ್ನು ನಾವು ಕಾಶಿಗೆ ಇಟ್ಟುಕೊಂಡಿದ್ದೇವೆ. ಅದನ್ನು ಅಮೆರಿಕಕ್ಕೆ ಅಂಟಿಸಿ, ಪಕ್ಕದಲ್ಲಿ ತಾನು ವಯಸ್ಸು ಮೀರಿದವನು ಎಂದು ತಾನೇ ಬರೆದುಕೊಂಡ ಮೇಲೆ ಓದುಗ ನಗಲು ಇನ್ನೇನು ಬೇಕು? ಆ ಅಪರವಯಸ್ಕರು 1900ರಲ್ಲಿ ಹುಟ್ಟಿ ನೂರು ದಾಟಿ ಬಾಳಿದರು. ಅದು ಅವರು ಮಾಡಿದ ಎರಡನೆಯ ತಮಾಷೆ.

ಮೂರನೆಯದು ಕೃಷ್ಣಾನಂದ ಕಾಮತರ "ನಾನೂ ಅಮೇರಿಕೆಗೆ ಹೋಗಿದ್ದೆ". ಹೊನ್ನಾವರದವರು, ಓದಲು ಬಂದ ಹುಡುಗ. ಅವರ ಹೆಸರಿನಲ್ಲಿ ಹಾಸ್ಯವೆಲ್ಲ ಇರುವುದು ಒಂದೇ ಒಂದು ದೀರ್ಘದಲ್ಲಿ: "ನಾನೂ". ಎಲ್ಲರೂ ಹೋಗುತ್ತಾರೆ, ಎಲ್ಲರೂ ಬರೆಯುತ್ತಾರೆ, ಸರಿ, ನಾನೂ ಹೋಗಿದ್ದೆ, ನೀವೂ ಸ್ವಲ್ಪ ಸಹಿಸಿಕೊಳ್ಳಿ.

ಮೂವರೂ ಪುಸ್ತಕ ತೆರೆಯುವ ಮೊದಲೇ ತಮ್ಮ ಕಾಲನ್ನು ತಾವೇ ಎಳೆದುಕೊಂಡಿದ್ದಾರೆ. ಆಮೇಲೆ ಅವರು ಅಮೆರಿಕವನ್ನು ಎಷ್ಟು ಬೇಕಾದರೂ ಲೇವಡಿ ಮಾಡಬಹುದು, ಓದುಗನಿಗೆ ಮುನಿಸಿಲ್ಲ. ಕನ್ನಡದ ಹಾಸ್ಯ ಪ್ರವಾಸ ಕಥನದ ಮರ್ಯಾದೆ ಇದು ಎಂದು ನನ್ನ ಅನಿಸಿಕೆ. ಹೋದವನು ಮೊದಲು ತಾನು ಬೀಳಬೇಕು, ಆಮೇಲೆ ಊರಿನವರನ್ನು ಬೀಳಿಸಬಹುದು.

ಊರಿನ ಒಳಗಿನ ಪ್ರವಾಸಕ್ಕೂ ಇದೇ ಮಾತು. ಬಿ.ಜಿ.ಎಲ್. ಸ್ವಾಮಿಯವರ "ಹಸುರು ಹೊನ್ನು" ನಿಮ್ಮಲ್ಲಿ ಬಹಳ ಜನ ಓದಿದ್ದೀರಿ. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡಮರ ಹುಡುಕುತ್ತಾ ಕಾಡು ಸುತ್ತುವ ಕಥೆ. ಅಂಥ ದೊಡ್ಡ ವಿದ್ವಾಂಸರು ವಿದ್ಯಾರ್ಥಿಗಳ ತಮಾಷೆಗೆ ತಮ್ಮನ್ನು ಒಡ್ಡಿಕೊಂಡು ನಡೆಯುತ್ತಾರೆ, ನಾವು ನಗುತ್ತಾ ನಗುತ್ತಾ ಗಿಡಗಳ ಹೆಸರು ಕಲಿತುಬಿಡುತ್ತೇವೆ. ತೇಜಸ್ವಿಯವರು ಗಾಳ ಹಿಡಿದು ಗೆಳೆಯರ ಜೊತೆ ಅಂಡಮಾನಿಗೆ ಹೊರಟಾಗಲೂ ಹಾಗೆಯೇ.

ಒಂದು ಲೆಕ್ಕ ಹೇಳುತ್ತೇನೆ, ನಮ್ಮವರು ಹಾಸ್ಯವನ್ನು ಹಗುರವೆಂದು ತಳ್ಳಿಬಿಡುವಾಗ ಉಪಯೋಗಕ್ಕೆ ಬರುತ್ತದೆ. ಕನ್ನಡಕ್ಕೆ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳನ್ನು ನೋಡಿ: 1978ರಲ್ಲಿ "ಹಸುರು ಹೊನ್ನು", 1980ರಲ್ಲಿ "ಅಮೆರಿಕದಲ್ಲಿ ಗೊರೂರು". ಒಂದು ದೇಶದ ಪ್ರವಾಸ, ಒಂದು ವಿದೇಶದ್ದು, ಎರಡರಲ್ಲೂ ನಗುವಿದೆ. ನಡುವಿನ 1979ರಲ್ಲಿ ಬಂದದ್ದು ಅದೇ ಮೂರ್ತಿರಾಯರಿಗೆ. ಅದು "ಚಿತ್ರಗಳು ಪತ್ರಗಳು" ಪುಸ್ತಕಕ್ಕೆ, ಪ್ರವಾಸ ಕಥನಕ್ಕಲ್ಲ, ಇರಲಿ. ಮೂರು ವರ್ಷ ಸಾಲಾಗಿ ಮೂವರು ನಗಬಲ್ಲವರಿಗೆ ಪ್ರಶಸ್ತಿ ಕೊಟ್ಟ ಕಾಲ ಅದು.

ಈಗ ನಮ್ಮ ಕಷ್ಟಕ್ಕೆ ಬರೋಣ. ಗೊರೂರರ ಹತ್ತಿರ, ಮೂರ್ತಿರಾಯರ ಹತ್ತಿರ ಒಂದು ವಸ್ತುವಿತ್ತು, ನಮ್ಮ ಹತ್ತಿರ ಅದಿಲ್ಲ. ಹಿಂತಿರುಗುವ ಟಿಕೆಟ್. ಟಿಕೆಟ್ ನಮ್ಮಲ್ಲೂ ಇರುತ್ತದೆ, ಆದರೆ ಅದರಲ್ಲಿ ಯಾವ ಅರ್ಧ ಹೋಗುವುದು, ಯಾವ ಅರ್ಧ ಹಿಂತಿರುಗುವುದು ಎಂದು ಹೇಳುವುದು ಕಷ್ಟ. ಡೆಟ್ರಾಯ್ಟ್‌ನಲ್ಲಿ ವಿಮಾನ ಹತ್ತುವಾಗ "ಊರಿಗೆ ಹೊರಟೆವು" ಎನ್ನುತ್ತೇವೆ. ಬೆಂಗಳೂರಿನಲ್ಲಿ ಹತ್ತುವಾಗ ಬಾಯಿ ತಪ್ಪಿ "ಮನೆಗೆ ಹೊರಟೆವು" ಎನ್ನುತ್ತೇವೆ. ಪಕ್ಕದಲ್ಲಿ ಅಮ್ಮ ನಿಂತಿದ್ದರೆ ಅದು ಕೇಳಿಸದೆ ಇರುವುದಿಲ್ಲ.

ಹೋಗಲಾರದವರೂ ನಮ್ಮಲ್ಲಿದ್ದಾರೆ. ವೀಸಾ ಸ್ಟ್ಯಾಂಪಿಂಗ್ ಎನ್ನುವ ನಮ್ಮದೇ ಒಂದು ತೀರ್ಥಯಾತ್ರೆ ಇದೆಯಲ್ಲ, ಶಿವಮೊಗ್ಗದ ಅಮ್ಮನನ್ನು ನೋಡಲು ಮೊದಲು ಚೆನ್ನೈ ದೇವರಿಗೆ ಹರಕೆ. ಅದರಲ್ಲೂ ನಾವು ತಮಾಷೆ ಕಂಡುಕೊಂಡಿದ್ದೇವೆ, ನಾನೇ ಎಷ್ಟೋ ಮಾಡಿದ್ದೇನೆ. ಆದರೆ ಎಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತೇನೋ ಎಂಬ ಹೆದರಿಕೆಗೆ ಹೋಗದೆ ಉಳಿದು, ತಂದೆಯ ಕೊನೆಯ ದರ್ಶನವನ್ನು ಫೋನಿನಲ್ಲಿ ಮಾಡಿದವರು ಈ ಸಭಾಂಗಣದಲ್ಲೇ ಇದ್ದಾರೆ. ಮಾಡದ ಪ್ರಯಾಣದ ಮೇಲೆ ಹಾಸ್ಯ ಬರೆದವರನ್ನು ನಾನು ಇನ್ನೂ ಓದಿಲ್ಲ.

ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುವಾಗ ಸಿಗುವ ತಮಾಷೆ ಮಾತ್ರ ಕೈಗೆ ಬಂದಷ್ಟು. ನಾನು ಸಾಗರ ಸೀಮೆಯವನು. ನಮ್ಮ ಕಡೆಯಿಂದ ಬರುವವನ ಸೂಟ್‌ಕೇಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ಅವನು ಊರಿಗೆ ಹೋಗಿದ್ದ ಎನ್ನುವುದಕ್ಕೇ ಪುರಾವೆ ಇಲ್ಲ. ಒಂದು ಸಲ ಕಸ್ಟಮ್ಸ್‌ನಲ್ಲಿ ಆಫೀಸರು ಡಬ್ಬಿ ಎತ್ತಿ ಹಿಡಿದು ಇದೇನು ಎಂದು ಕೇಳಿದರು. ಗಾಬರಿಯಲ್ಲಿ "ಬೇಬಿ ಮ್ಯಾಂಗೋ" ಎಂದೆ. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು, ಕೆಂಪು ಖಾರದಲ್ಲಿ ಮುಳುಗಿದ್ದ ಆ ಪುಟ್ಟ ಪುಟ್ಟ ಕಾಯಿಗಳನ್ನು ಬಹಳ ಹೊತ್ತು ನೋಡಿ ಕೇಳಿದರು: "ಪಾಪ, ಬೆಳೆಯೋಕೆ ಬಿಡಬಾರದಿತ್ತೇ?" ಇಪ್ಪತ್ತು ಗಂಟೆ ನಿದ್ದೆಯಿಲ್ಲದ ನನ್ನ ಹತ್ತಿರ ಉತ್ತರವಿರಲಿಲ್ಲ. ತಲೆ ತಗ್ಗಿಸಿದೆ. ಪಶ್ಚಾತ್ತಾಪ ಪಟ್ಟನೆಂದು ತಿಳಿದರೋ ಏನೋ, ಬಿಟ್ಟುಬಿಟ್ಟರು.

ಇಂಥದ್ದನ್ನೆಲ್ಲ ಬರೆದು ನಮ್ಮ ಸಂಘದ ಸ್ಮರಣ ಸಂಚಿಕೆಗಳಲ್ಲಿ ನನಗೊಂದು ಸಣ್ಣ ಹೆಸರಿದೆ. ಈಗ ಆ ಹೆಸರು ಒಂದು ಸಲ ಹೇಗೆ ಮುರಿದುಬಿತ್ತು ಎಂದು ಹೇಳಬೇಕು. ಈ ವಿಷಯಕ್ಕೆ ನಾನು ಒಪ್ಪಿಕೊಂಡದ್ದೇ ಅದಕ್ಕಾಗಿ.

2018ರ ಡಿಸೆಂಬರ್‌ನಲ್ಲಿ ಹೆಂಡತಿ ಮಕ್ಕಳ ಜೊತೆ ನನ್ನ ಸೋದರಮಾವನ ಮನೆಗೆ ಹೋಗಿದ್ದೆ. ಮಾವನ ಮನೆ ಇರುವುದು ತುಮರಿಯ ಕಡೆ. ಮಲೆನಾಡಿನವರಿಗೆ ಗೊತ್ತು, ಉಳಿದವರಿಗೆ ಹೇಳುತ್ತೇನೆ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಶರಾವತಿಯನ್ನು ನಿಲ್ಲಿಸಿದಾಗ ಎಷ್ಟೋ ಊರುಗಳು ಮುಳುಗಿದವು. ಮುಳುಗದೆ ಉಳಿದವುಗಳಲ್ಲಿ ಕೆಲವು ನೀರಿನ ಆಚೆ ದಡಕ್ಕೆ ಸಿಕ್ಕಿಕೊಂಡವು. ರಾಜ್ಯಕ್ಕೆ ಬೆಳಕು ಬಂತು, ತುಮರಿಯವರ ತಾಲ್ಲೂಕು ಕೇಂದ್ರ ಹಿನ್ನೀರಿನ ಈಚೆಗೆ ಬಂತು. ಆಗ ಸಾಗರದಿಂದ ಅಂಬಾರಗೊಡ್ಲಿಗೆ ಬಂದು, ಲಾಂಚು ಹತ್ತಿ, ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. ಸಿಗಂದೂರಿಗೆ ಹೋದವರೆಲ್ಲ ಆ ಲಾಂಚು ಕಂಡಿದ್ದೀರಿ. ಬಸ್ಸು, ಕಾರು, ಬೈಕು, ಭಕ್ತರು, ಗೊಬ್ಬರದ ಚೀಲ ಎಲ್ಲವೂ ಒಟ್ಟಿಗೆ ದಾಟುತ್ತಿದ್ದ ಸಮಾನತೆಯ ಹಡಗು ಅದು. ಸುತ್ತು ಹಾಕಿ ಹೋಗುವ ರಸ್ತೆಯೂ ಇದೆ, ಕಾಡಿನ ದಾರಿ, ಬಹಳ ದೂರ.

ಡಿಸೆಂಬರ್ ರಜೆ, ವಾಹನಗಳ ಸಾಲು. ಎರಡು ಗಂಟೆ ಕಾದೆವು. ನನ್ನ ಲೇಖನ ಅಲ್ಲಿ ನಿಂತಲ್ಲೇ ತಯಾರಾಯಿತು. ಡೆಟ್ರಾಯ್ಟ್‌ನಿಂದ ಫ್ರಾಂಕ್‌ಫರ್ಟ್ ಮೇಲೆ ಬೆಂಗಳೂರಿಗೆ 14,000 ಕಿಲೋಮೀಟರು ಒಂದು ದಿನದಲ್ಲಿ, ಕೊನೆಯ ಎರಡೂವರೆ ಕಿಲೋಮೀಟರಿಗೆ ಅರ್ಧ ದಿನ ಎಂದು ಶುರು ಮಾಡಿದೆ. ಮಗಳು ಲೈಫ್ ಜಾಕೆಟ್ ಎಲ್ಲಿ ಎಂದು ಕೇಳಿದ್ದು, ಮಗ ಬಸ್ಸಿನೊಳಗೆ ಕೂತು ಲಾಂಚಿನಲ್ಲಿ ಹೋಗುವಾಗ "ನಾವೀಗ ಬಸ್ಸಲ್ಲಿದ್ದೀವೋ ಬೋಟಲ್ಲಿದ್ದೀವೋ" ಎಂದು ಕೇಳಿದ್ದು, ಎಲ್ಲ ಹಾಕಿದೆ. ಸಾಲಿನಲ್ಲಿ ನಿಂತವರು ಎಲೆ ಅಡಿಕೆ ಹಾಕುತ್ತಾ ನಿಶ್ಚಿಂತೆಯಿಂದ ಹರಟುತ್ತಿದ್ದುದನ್ನು ವರ್ಣಿಸಿ, ಕೊನೆಗೆ ಒಂದು ಸಾಲು ಬರೆದೆ: ಕಾಯುವುದು ಈ ಊರಿನವರಿಗೆ ಕಷ್ಟವಲ್ಲ, ಹವ್ಯಾಸ.

ಆ ಸಾಲಿಗೆ ನಮ್ಮ ಯುಗಾದಿ ಸಮಾರಂಭದಲ್ಲಿ ಚಪ್ಪಾಳೆ ಬಿತ್ತು. ನಾನೇ ಓದಿದ್ದೆ.

ಸ್ಮರಣ ಸಂಚಿಕೆಯ ಪಿಡಿಎಫ್ ಯಾರದೋ ವಾಟ್ಸ್ಯಾಪ್‌ನಿಂದ ಯಾರಿಗೋ ಹೋಗಿ, ಅಲ್ಲಿಂದ ಸಾಗರಕ್ಕೆ ಹಾರಿ, ಲಾಂಚಿಗೆ ಕಾಯದೆ ತುಮರಿಗೆ ತಲುಪಿತು. ಮಾವ ಪ್ರೈಮರಿ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಭಾನುವಾರ ಫೋನ್ ಮಾಡಿದರೆ ಅತ್ತೆಯೇ ಮಾತಾಡಿದರು, ಮಾವ ತೋಟಕ್ಕೆ ಹೋಗಿದ್ದಾರೆ ಎಂದರು. ಮುಂದಿನ ಭಾನುವಾರವೂ ತೋಟ. ಮೂರನೆಯ ವಾರ ಮಾವನಿಂದ ನಾಲ್ಕು ಫೋಟೋಗಳು ಬಂದವು. ಹಳೆಯ ಪಾಠ ಟಿಪ್ಪಣಿ ಪುಸ್ತಕದ ನಾಲ್ಕು ಹಾಳೆ, ಕೈಬರಹ, ಒಂದು ಚಿತ್ತಿಲ್ಲ. ಮೇಲೆ ಕೆಂಪು ಶಾಯಿಯಲ್ಲಿ ಶೀರ್ಷಿಕೆ: "ನಮ್ಮ ಮನೆಗೆ ಅಮೆರಿಕ ಬಂದದ್ದು". ಪ್ರವಾಸ ಕಥನ ಹೋದವನದೇ ಆಗಬೇಕೆಂದಿಲ್ಲ, ಮನೆಯಲ್ಲಿ ಕೂತು ಬಂದವನನ್ನು ನೋಡಿದವನೂ ಬರೆಯಬಹುದು ಎಂದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ.

ಅದರಲ್ಲಿದ್ದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಾಲ್ಕು ಜನ ನಾಲ್ಕು ದಿನಕ್ಕೆಂದು ಆರು ಸೂಟ್‌ಕೇಸು ತಂದರು. ಒಂದರಲ್ಲಿ ಬರೀ ಔಷಧ, ಒಂದರಲ್ಲಿ ಬರೀ ನೀರು. ನಮ್ಮ ಬಾವಿಯ ನೀರು ಕುಡಿದೇ ಬೆಳೆದ ಮಾಣಿ, ಅದೇ ಬಾವಿಯೊಳಗೆ ಇಣುಕಿ ನೋಡಿ, "ಇದನ್ನ ಟೆಸ್ಟ್ ಮಾಡಿಸಿದ್ದೀರಾ" ಎಂದು ಕೇಳಿದ. ಬೆಳಗ್ಗೆ ಎದ್ದು ಅಂಗಳದಲ್ಲಿ ಎರಡೂ ಕೈ ಮೇಲೆತ್ತಿ ಪೂರ್ವಕ್ಕೆ ತಿರುಗಿ ನಿಂತಿದ್ದ. ಪರವಾಗಿಲ್ಲ, ಸಂಧ್ಯಾವಂದನೆ ಬಿಟ್ಟಿಲ್ಲ ಎಂದು ಸಂತೋಷವಾಯಿತು. ಹತ್ತಿರ ಹೋದರೆ ಕೈಯಲ್ಲಿ ಫೋನು, ಸಿಗ್ನಲ್ ಹುಡುಕುತ್ತಿದ್ದಾನೆ. ಸಿಹಿ ಬಿಟ್ಟಿದ್ದೇನೆ ಎಂದು ಜಗಲಿಯಲ್ಲಿ ಕೂತು ಅರ್ಧ ಗಂಟೆ ಸಕ್ಕರೆಯ ಕೆಡುಕಿನ ಬಗ್ಗೆ ಉಪನ್ಯಾಸ ಕೊಟ್ಟ, ಕೊಡುತ್ತಾ ಕೊಡುತ್ತಾ ಏಳು ತೊಡೆದೇವು ತಿಂದ. ತೋಟಕ್ಕೆ ಹೋದಾಗ ಕೊಳದ ಕೆಸರಿನ ಹತ್ತಿರ ಕಾಲಿಗೆ ಉಂಬಳ ಹತ್ತಿತು. ಉಂಬಳ ಹತ್ತಿದರೆ ಏನು ಮಾಡಬೇಕೆಂದು ಅವನು ಫೋನಿನಲ್ಲಿ ಓದುತ್ತಿದ್ದಾಗ ಅವನ ಅತ್ತೆ ಸುಣ್ಣ ಸವರಿ ಅದನ್ನು ಕೆಡವಿ, ಕೈ ತೊಳೆದು, ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಅವನು ಇನ್ನೂ ಓದುತ್ತಲೇ ಇದ್ದ. ಲಾಂಚಿನ ಹತ್ತಿರ "ಇನ್ನೆಷ್ಟು ಹೊತ್ತಾಗತ್ತೆ" ಎಂದು ಹನ್ನೊಂದು ಸಲ ಕೇಳಿದನಂತೆ. ಅವರು ಹೋದ ಮೇಲೆ ಲಾಂಚಿನ ಹುಡುಗ ನನ್ನನ್ನು ಕಂಡು, "ಮೇಷ್ಟ್ರೇ, ನಿಮ್ಮ ಅಳಿಯನಿಗೆ ಹುಷಾರಿರಲಿಲ್ವಾ" ಎಂದು ವಿಚಾರಿಸಿದ.

ಬಂಧುಗಳೇ, ನೀವು ಈಗ ನಕ್ಕದ್ದು ನನ್ನ ಲೇಖನಕ್ಕೆ ಯುಗಾದಿಯಂದು ನಕ್ಕದ್ದಕ್ಕಿಂತ ಜೋರಾಗಿತ್ತು. ನಾನೂ ನಕ್ಕೆ. ಅಡುಗೆಮನೆಯಲ್ಲಿ ನಿಂತು ಓದಿ ನಕ್ಕು ಹೆಂಡತಿಯನ್ನು ಕರೆದೆ. ಅವಳು ನನಗಿಂತ ಹೆಚ್ಚು ನಕ್ಕಳು, ಕೆಲವು ಅಂಶ ಮಾವ ಬಿಟ್ಟಿದ್ದಾರೆ ಎಂದೂ ಹೇಳಿದಳು.

ನಾಲ್ಕನೆಯ ಹಾಳೆಯ ಕೊನೆಯಲ್ಲಿ, ಒಂದು ಸಾಲು ಜಾಗ ಬಿಟ್ಟು, ಇಷ್ಟು ಬರೆದಿದ್ದರು: "ಕಾಯುವುದು ನಮಗೆ ಹವ್ಯಾಸ ಎಂದು ಬರೆದಿದ್ದೀಯೆ. 1983ರ ಶ್ರಾವಣ ನಿನಗೆ ಗೊತ್ತಿಲ್ಲದ್ದಲ್ಲ."

ನಾನು ಆಗ ಅವರ ಮನೆಯಲ್ಲೇ ಇದ್ದು ಮಾವನ ಶಾಲೆಯಲ್ಲಿ ಓದುತ್ತಿದ್ದೆ. ಹತ್ತು ವರ್ಷ. ಜಡಿಮಳೆಯ ರಾತ್ರಿ, ಅತ್ತೆಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಕಂಬಳಿ ಹೊದಿಸಿ ಎತ್ತಿನ ಗಾಡಿಯಲ್ಲಿ ದಡಕ್ಕೆ ಕರೆದುಕೊಂಡು ಹೋದರು. ಕತ್ತಲಾದ ಮೇಲೆ ದಾಟಲು ಏನೂ ಇರುತ್ತಿರಲಿಲ್ಲ. ಆ ಮಳೆಯಲ್ಲಿ ಸುತ್ತು ದಾರಿ ಹಿಡಿಯುವುದು ಆಗದ ಮಾತು. ನನ್ನನ್ನು ಪಕ್ಕದ ಮನೆಯಲ್ಲಿ ಮಲಗಿಸಿದ್ದರು, ನಾನು ಮಲಗಿರಲಿಲ್ಲ. ಬೆಳಗಿನ ಮೊದಲ ಲಾಂಚಿನಲ್ಲಿ ದಾಟಿದರು. ಅತ್ತೆ ಉಳಿದರು. ಮೂರು ದಿನ ಬಿಟ್ಟು ಅವರಿಬ್ಬರೇ ವಾಪಸು ಬಂದಾಗ ಜಗಲಿಯಲ್ಲಿ ಕೂತಿದ್ದ ನನ್ನನ್ನು ಮಾವ ಎತ್ತಿಕೊಂಡರು. ಎತ್ತಿಕೊಳ್ಳುವ ವಯಸ್ಸಲ್ಲ ನನ್ನದು.

ಇದು ನನಗೆ ಗೊತ್ತಿತ್ತು. ಅದೇ ದಡದಲ್ಲಿ ಎರಡು ಗಂಟೆ ನಿಂತು ಹವ್ಯಾಸ ಎಂದು ಬರೆದಾಗ ಅದು ನೆನಪಿಗೆ ಬರಲಿಲ್ಲ. ನೆನಪಾಗಿಯೂ ಬರೆದಿದ್ದರೆ ಅದು ಕೆಟ್ಟತನ. ನೆನಪೇ ಆಗದಿದ್ದದ್ದು ಏನು ಎಂದು ಆವತ್ತಿನಿಂದ ಯೋಚಿಸುತ್ತಿದ್ದೇನೆ. ನನಗೆ ತೋರುವುದು ಇಷ್ಟು: ಆ ಸಾಲಿನಲ್ಲಿ ನಿಂತಾಗ ನಾನು ಪ್ರವಾಸಿಯಾಗಿದ್ದೆ. ಗಡಿಯಾರ ನೋಡುತ್ತಿದ್ದೆ, ಫೋಟೋ ತೆಗೆಯುತ್ತಿದ್ದೆ, ಮಿಷಿಗನ್ನಿನಲ್ಲಿ ಯಾರು ಎಲ್ಲಿ ನಗುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಎಲೆ ಅಡಿಕೆ ಹಾಕುತ್ತಾ ಹರಟುತ್ತಿದ್ದವರಲ್ಲಿ ಇಬ್ಬರು ನನ್ನ ಜೊತೆ ಶಾಲೆಗೆ ಬಂದವರಂತೆ. ಅದೂ ಆಮೇಲೆ ಗೊತ್ತಾದದ್ದು. ನಾನು ಗುರುತು ಹಿಡಿದಿರಲಿಲ್ಲ. ಅವರು ನನ್ನನ್ನು ಹಿಡಿದಿದ್ದರು, ಮಾತಾಡಿಸಲಿಲ್ಲ, ಅಷ್ಟೆ.

ಗೊರೂರು ತಮ್ಮ ಊರನ್ನು ಅಮೆರಿಕಕ್ಕೆ ಹೊತ್ತು ತಂದು ನಗಿಸಿದರು. ನಾನು ಅಮೆರಿಕವನ್ನು ನನ್ನ ಊರಿಗೆ ಹೊತ್ತುಕೊಂಡು ಹೋಗಿ, ಎದುರಿಗೆ ಕಂಡದ್ದನ್ನೆಲ್ಲ ವಿಚಿತ್ರ ಎಂದು ಬರೆದೆ. ಎರಡರಲ್ಲೂ ಮೈಲಿ ಅಷ್ಟೇ, ದಿಕ್ಕು ಬೇರೆ.

ಹಾಗಾದರೆ ಊರಿನ ಮೇಲೆ ತಮಾಷೆ ಬರೆಯಬಾರದೇ ಎಂದು ನೀವು ಕೇಳಬಹುದು. ಅದನ್ನು ಮಾವನನ್ನೇ ಕೇಳಿದೆ. ಆ ರಾತ್ರಿ ಫೋನ್ ಮಾಡಿದೆ, ಅವರಿಗೆ ಬೆಳಗ್ಗೆ. ಈ ಸಲ ತೋಟಕ್ಕೆ ಹೋಗಿರಲಿಲ್ಲ. ತಪ್ಪಾಯಿತು ಎಂದೆ. ಅವರು ಅದನ್ನು ಅಲ್ಲಿಗೇ ಬಿಟ್ಟು, "ಕಸ್ಟಮ್ಸಿನ ಅಪ್ಪೆಮಿಡಿಯದ್ದು ಚೆನ್ನಾಗಿತ್ತು, ಅದರಲ್ಲಿ ನೀನಿದ್ದೆ. ಲಾಂಚಿನದ್ದರಲ್ಲಿ ನೀನಿರಲಿಲ್ಲ" ಎಂದರು. ಮೂವತ್ತೈದು ವರ್ಷ ಮೂರನೇ ಕ್ಲಾಸು ನಾಲ್ಕನೇ ಕ್ಲಾಸಿನ ಪ್ರಬಂಧ ತಿದ್ದಿದವರು. ನಾನು ಓದಿದ ಯಾವ ವಿಮರ್ಶೆಯಲ್ಲೂ ಹಾಸ್ಯ ಪ್ರವಾಸ ಕಥನದ ಬಗ್ಗೆ ಇಷ್ಟು ಚಿಕ್ಕದಾಗಿ ಇಷ್ಟು ಸರಿಯಾಗಿ ಹೇಳಿದ್ದು ಸಿಕ್ಕಿಲ್ಲ. ನನ್ನ ಲೇಖನದಲ್ಲಿ ಎರಡು ಒತ್ತಕ್ಷರ ತಪ್ಪಿದ್ದವು ಎಂದೂ ಸೇರಿಸಿದರು.

ಅವರ ಬರಹವನ್ನು ಮುಂದಿನ ಸ್ಮರಣ ಸಂಚಿಕೆಗೆ ಕೊಡಲೇ ಎಂದು ಕೇಳಿದೆ. "ಕೊಡು. ಕೊನೆಯ ಸಾಲು ತೆಗೆ. ಅದು ಪ್ರವಾಸ ಕಥನ ಅಲ್ಲ, ನಿನಗೆ ಬರೆದದ್ದು" ಎಂದರು. ಹಾಗೆಯೇ ಅಚ್ಚಾಯಿತು. ಆ ವರ್ಷದ ಸಂಚಿಕೆಯಲ್ಲಿ ಎಲ್ಲರೂ ಓದಿದ್ದು ಅದನ್ನೇ. ನನ್ನ ಲೇಖನ ಪಕ್ಕದ ಪುಟದಲ್ಲಿತ್ತು, ಯಾರೂ ಅದರ ಸುದ್ದಿ ಎತ್ತಲಿಲ್ಲ.

ಇಲ್ಲಿ ಬರೆಯುವವರು ಬಹಳ ಜನ ಇದ್ದೀರಿ. ಒಂದು ಬೇಡಿಕೆ ಇದೆ. ನಮ್ಮ ಅಪ್ಪ ಅಮ್ಮಂದಿರು ಆರು ತಿಂಗಳಿಗೆ ಇಲ್ಲಿಗೆ ಬಂದು ಹೋಗುತ್ತಾರಲ್ಲ, ಅವರ ಕೈಗೊಂದು ನೋಟ್‌ಪುಸ್ತಕ ಕೊಡಿ. ನಾವು ಅವರನ್ನು ನಯಾಗರ ತೋರಿಸಲು ಕರೆದುಕೊಂಡು ಹೋಗಿ, ಕಾರಿನ ಹಿಂದಿನ ಸೀಟಿನಲ್ಲಿ ಮೊಸರನ್ನದ ಡಬ್ಬಿಯ ಜೊತೆ ಕೂರಿಸುತ್ತೇವೆ. ಅವರು ಅಲ್ಲಿಂದ ನಮ್ಮನ್ನು ನೋಡುತ್ತಿರುತ್ತಾರೆ. ಫೆಬ್ರವರಿಯ ಹಿಮದಲ್ಲಿ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಕಿಟಕಿಯ ಹತ್ತಿರ ನಿಂತು ಅವರು ಏನು ಕಂಡರು, ಗ್ಯಾರೇಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಾಗ ಏನೆನಿಸಿತು ಎನ್ನುವುದನ್ನು ನಾವು ಅವರ ಪರವಾಗಿ ಬರೆದು ನಗುತ್ತಿದ್ದೇವೆ. ಅವರೇ ಬರೆಯಲಿ. ಗೊರೂರರಷ್ಟು ಚೆನ್ನಾಗಿ ಬರೆಯದೆ ಇರಬಹುದು. ನಮ್ಮನ್ನು ಬೀಳಿಸುವಷ್ಟು ಖಂಡಿತ ಬರೆಯುತ್ತಾರೆ.

ಇನ್ನು ಲಾಂಚಿನ ಸುದ್ದಿ ಹೇಳಿ ಮುಗಿಸುತ್ತೇನೆ. 2025ರ ಜುಲೈ 14ರಂದು ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರು ಉದ್ದ, ಕೇಬಲ್‌ಗಳಿಂದ ತೂಗುಹಾಕಿದ ಸೇತುವೆ. ಆ ವಾರ ಭಾನುವಾರ ಮಾವ ಫೋನಿನಲ್ಲಿ ಹೇಳಿದರು, "ಬಸ್ಸಿನಲ್ಲಿ ದಾಟಿದೆ. ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಆ ಕಡೆ ಇದ್ದೆ." ಬರುವಾಗ ಬಸ್ಸು ಹತ್ತಲಿಲ್ಲವಂತೆ. ಎಪ್ಪತ್ತೆರಡು ವರ್ಷ, ಮಂಡಿನೋವು, ಆದರೂ ಕೊಡೆ ಹಿಡಿದು ನಡೆದುಕೊಂಡೇ ಬಂದರಂತೆ. ಇದನ್ನು ಹೇಳಿದ್ದು ಅತ್ತೆ. ಯಾಕೆ ಎಂದು ನಾನು ಕೇಳಲಿಲ್ಲ.

ಆ ರಾತ್ರಿಯ ಸಂಗತಿಯನ್ನು ಇಲ್ಲಿ ಹೇಳಬಹುದೇ, ಆಮೇಲೆ ಅದು ಅಚ್ಚಿಗೂ ಹೋಗುತ್ತದೆ ಎಂದು ಕಳೆದ ವಾರ ಇಬ್ಬರನ್ನೂ ಕೇಳಿದೆ. ಮಾವ ಫೋನನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು ಮಾಣಿ. ಆದರೆ ನಿಮ್ಮ ಮಾವ ಬರೆದದ್ದರಲ್ಲಿ ಒಂದು ತಪ್ಪಿದೆ. ನೀನು ತಿಂದ ತೊಡೆದೇವು ಏಳಲ್ಲ, ಒಂಬತ್ತು. ಹಾಕಿದವಳು ನಾನು" ಎಂದರು.

ತಿದ್ದುಪಡಿ ಮಾಡಿದ್ದೇನೆ. ಡಿಸೆಂಬರ್‌ಗೆ ಟಿಕೆಟ್ ಆಗಿದೆ, ಈ ಸಲ ಸೂಟ್‌ಕೇಸು ಮೂರೇ. ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಬಿಸಿಬೇಳೆಬಾತ್ ಆರುವ ಮೊದಲು ಏಳೋಣ.